ಬಾಯಿಗೆ ಕೈ ಅಡ್ಡ ಇಡದೆ ನಗುವುದು: ಉಬ್ಬು ಹಲ್ಲು, ಸೊಟ್ಟ ಹಲ್ಲು ಇರುವವರಿಗೆ

ನಗು ಬರುವ ಮೊದಲೇ ನನ್ನ ಎಡಗೈ ಬಾಯಿಗೆ ಬರುತ್ತಿತ್ತು. ಹತ್ತು ಹನ್ನೊಂದನೇ ವಯಸ್ಸಿಗೆ ಶುರುವಾದ ಅಭ್ಯಾಸ ಅದು. ಮೇಲಿನ ಎರಡು ಬಾಚಿಹಲ್ಲು ಮುಂದಕ್ಕೆ ಬಂದು, ಒಂದು ಇನ್ನೊಂದರ ಮೇಲೆ ಸ್ವಲ್ಪ ಏರಿಕೊಂಡಿದ್ದವು. ಶಾಲೆಯಲ್ಲಿ ಅದಕ್ಕೊಂದು ಅಡ್ಡಹೆಸರು ಇಟ್ಟರು. ಇಟ್ಟವರು ಎರಡು ವಾರದಲ್ಲಿ ಮರೆತರು. ನನ್ನ ಕೈ ಮಾತ್ರ ಮರೆಯಲಿಲ್ಲ.

ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ, ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿ ಒಂದು ದಿನ ಮೆತ್ತಗೆ ಕೇಳಿದಳು: "ನಿಂಗೆ ಹಲ್ಲುನೋವಾ? ಯಾವಾಗ್ಲೂ ಬಾಯಿ ಹಿಡ್ಕೊಂಡಿರ್ತೀಯಲ್ಲ." ಎರಡು ವರ್ಷ ದಿನವೂ ಎದುರು ಬದುರು ಊಟ ಮಾಡಿದವಳು. ಅವಳ ಕಣ್ಣಿಗೆ ಬಿದ್ದದ್ದು ನನ್ನ ಹಲ್ಲಲ್ಲ, ಕೈ.

ಆವತ್ತಿನಿಂದ ನಾನು ಹಲ್ಲಿನ ಬಗ್ಗೆ ಯೋಚಿಸುವುದನ್ನು ಕಡಿಮೆ ಮಾಡಿ, ಕೈಯ ಬಗ್ಗೆ ಯೋಚಿಸಲು ಶುರು ಮಾಡಿದೆ. ಮುಚ್ಚಿಡುವ ಅಭ್ಯಾಸವೇ ಬೇರೆ, ಹಲ್ಲೇ ಬೇರೆ. ಹಲ್ಲು ಸರಿ ಮಾಡಿಸುವುದು ಬಿಡುವುದು ನಿಮಗೆ ಸೇರಿದ್ದು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಮುಚ್ಚುವ ಅಭ್ಯಾಸವನ್ನು ಇವತ್ತಿನಿಂದಲೇ ಬಿಡಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹೆಜ್ಜೆ 1: ಒಂದು ವಾರ ಸುಮ್ನೆ ಗಮನಿಸಿ

ಏನನ್ನೂ ಬದಲಾಯಿಸಬೇಡಿ. ನೀವು ಹೇಗೆ ಮುಚ್ಚುತ್ತೀರಿ ಎಂದು ನೋಡಿಕೊಳ್ಳಿ, ಅಷ್ಟೇ. ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರು ಕೈ ತರುತ್ತಾರೆ. ಕೆಲವರು ಮೇಲಿನ ತುಟಿಯನ್ನು ಎಳೆದು ಹಲ್ಲಿನ ಮೇಲೆ ಹೊದಿಸುತ್ತಾರೆ. ಕೆಲವರು ತಲೆ ತಗ್ಗಿಸುತ್ತಾರೆ. ಗುಂಪು ಫೋಟೊ ಅಂದರೆ ಹಿಂದಿನ ಸಾಲಿಗೆ ಸರಿಯುವವರು, ವಿಡಿಯೊ ಕರೆಯಲ್ಲಿ ಕ್ಯಾಮೆರಾ ಆಫ್ ಮಾಡುವವರು, ನಗುವನ್ನು ಅರ್ಧಕ್ಕೇ ನುಂಗುವವರು ಇದ್ದಾರೆ.

ಯಾವ ಹೊತ್ತಿನಲ್ಲಿ, ಯಾರ ಮುಂದೆ ಅದು ಜಾಸ್ತಿ ಎಂದು ರಾತ್ರಿ ಎರಡು ಸಾಲು ಬರೆದಿಡಿ. ನನ್ನ ಪಟ್ಟಿಯಲ್ಲಿ ಒಂದು ವಿಷಯ ಎದ್ದು ಕಂಡಿತು. ಹೊಸಬರ ಮುಂದೆ ನನ್ನ ಕೈ ಬರುತ್ತಿದ್ದದ್ದು ಕಡಿಮೆ. ನನ್ನನ್ನು ಚೆನ್ನಾಗಿ ಬಲ್ಲ ನೆಂಟರ ಮುಂದೆಯೇ ಜಾಸ್ತಿ. ಅಂದರೆ ನನ್ನ ಹೆದರಿಕೆ ನೋಟಕ್ಕಲ್ಲ, ಹಳೆಯ ಮಾತುಗಳಿಗೆ.

ನೋಟದ ಬಗ್ಗೆ ಒಂದು ಪ್ರಯೋಗ ನನಗೆ ತುಂಬ ಸಹಾಯ ಮಾಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಜೊತೆಯವರು 2000ರಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧ ಜನ ನೋಡಿರುತ್ತಾರೆ ಎಂದು ಅವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ ಜನ ಮಾತ್ರ. ನಿಮ್ಮ ಹಲ್ಲನ್ನು ಯಾರೂ ನೋಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ನೋಡುತ್ತಾರೆ. ನೋಡಿ, ಮುಂದಿನ ಮಾತಿಗೆ ಹೋಗುತ್ತಾರೆ.

ಹೆಜ್ಜೆ 2: ಕನ್ನಡಿ ಮುಂದೆ ಒಂದೇ ಒಂದು ಸಲ, ಸರಿಯಾಗಿ

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ತುಟಿ ಬಿಡಿಸಿ ನೋಡಿ. ಡಾಕ್ಟರ್ ನೋಡುವ ಹಾಗೆ ನೋಡಿ, ತೀರ್ಪು ಕೊಡುವವರ ಹಾಗಲ್ಲ. ಏನು ಕಾಣುತ್ತದೆ? ಮೇಲಿನ ಮುಂಭಾಗದ ಹಲ್ಲು ಕೆಳಗಿನ ಹಲ್ಲಿಗಿಂತ 2–3 ಮಿಲಿಮೀಟರ್ ಮುಂದಿರುವುದು ಎಲ್ಲರಲ್ಲೂ ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಉಬ್ಬು ಹಲ್ಲು ಅನ್ನುತ್ತೇವೆ. ಜಾಗ ಸಾಲದೆ ಒಂದರ ಮೇಲೊಂದು ಏರಿರಬಹುದು. ನಡುವೆ ಸಂದು ಇರಬಹುದು. ಕೋರೆಹಲ್ಲು ಸಾಲು ಬಿಟ್ಟು ವಸಡಿನ ಮೇಲೆಯೇ ನಿಂತಿರಬಹುದು.

"ನನ್ನ ಹಲ್ಲು ಕೆಟ್ಟದಾಗಿದೆ" ಅನ್ನುವುದಕ್ಕೂ "ಮೇಲಿನ ಎರಡು ಹಲ್ಲು ಮುಂದಿವೆ, ಕೆಳಗೆ ಒಂದು ತಿರುಗಿದೆ" ಅನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ಮೊದಲನೆಯದರಿಂದ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಎರಡನೆಯದು ಒಂದು ವಿವರ. ಅದನ್ನಿಟ್ಟುಕೊಂಡು ಏನಾದರೂ ಮಾಡಬಹುದು.

ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ. ದವಡೆಯ ಅಳತೆ, ಹಲ್ಲಿನ ಅಳತೆ ಎರಡೂ ಬಹುಮಟ್ಟಿಗೆ ಮನೆತನದಿಂದ ಬರುತ್ತವೆ. ಹಾಲುಹಲ್ಲು ಬೇಗ ಬಿದ್ದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಮೂರು ನಾಲ್ಕು ವರ್ಷ ದಾಟಿದ ಮೇಲೂ ಬೆರಳು ಚೀಪಿದರೆ, ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳಿದರೆ ಹಲ್ಲು ಉಬ್ಬಬಹುದು. ಇದೆಲ್ಲ ನಡೆಯುವಾಗ ನೀವು ಮಗು.

ಎರಡು ವಿಷಯ ಮಾತ್ರ ನೆನಪಿರಲಿ. ಏಳರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಅಗಲಕ್ಕೆ ಹರಡಿ ನಡುವೆ ಸಂದು ಕಾಣುವುದು ಸಾಮಾನ್ಯ. ಕೋರೆಹಲ್ಲು ಇಳಿಯುತ್ತಾ ಬಂದ ಹಾಗೆ ಎಷ್ಟೋ ಮಕ್ಕಳಲ್ಲಿ ಅದು ತಾನೇ ಕೂಡಿಕೊಳ್ಳುತ್ತದೆ. ಆದರೆ ದೊಡ್ಡವರಲ್ಲಿ, ಮೊದಲು ಸರಿಯಾಗಿದ್ದ ಹಲ್ಲು ಈಚೆಗೆ ಮುಂದೆ ಬರುತ್ತಿದ್ದರೆ, ಹೊಸದಾಗಿ ಸಂದು ಬೀಳುತ್ತಿದ್ದರೆ ತಡ ಮಾಡಬೇಡಿ. ಅದು ವಸಡಿನ ರೋಗದ ಗುರುತು ಇರಬಹುದು.

ಹೆಜ್ಜೆ 3: ಹಲ್ಲು ಸೊಟ್ಟ ಇರಲಿ, ಸ್ವಚ್ಛ ಇರಲಿ

ನನ್ನ ಹಿಂಜರಿಕೆಯಲ್ಲಿ ಅರ್ಧ ಆಕಾರದ್ದಾಗಿರಲಿಲ್ಲ. "ಬಾಯಿ ವಾಸನೆ ಬರುತ್ತಾ, ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ" ಎಂಬ ಹೆದರಿಕೆಯೇ ಅರ್ಧ. ಅದನ್ನು ನಾವೇ ಕಳೆದುಕೊಳ್ಳಬಹುದು. ಹಾಗಾಗಿ ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ.

ಸಾಲಾಗಿರುವ ಹಲ್ಲಿಗೆ ಮಾಡಿದಂತೆ ಬ್ರಷ್ಷನ್ನು ಅಡ್ಡಡ್ಡ ಎಳೆದರೆ ನಮ್ಮಂಥವರ ಹಲ್ಲು ಸ್ವಚ್ಛವಾಗುವುದಿಲ್ಲ. ಮುಂದೆ ಬಂದ ಹಲ್ಲಿಗೆ ಮಾತ್ರ ಎಳೆ ತಾಗುತ್ತದೆ, ಹಿಂದೆ ಅಡಗಿದ ಹಲ್ಲು ಹಾಗೇ ಉಳಿಯುತ್ತದೆ. ಅಡಗಿದ ಹಲ್ಲಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಎಳೆಗಳಿಂದ ಮೇಲೆ ಕೆಳಗೆ ಮೆತ್ತಗೆ ಉಜ್ಜಿ. ಪುಟ್ಟ ತಲೆಯ, ಮೆದು ಎಳೆಯ ಬ್ರಷ್ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ದೊಡ್ಡವರಿಗೆ 1000ದಿಂದ 1500 ಪಿಪಿಎಂ ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಎಳೆ ಬಾಗಿದ ಕೂಡಲೇ, ಇಲ್ಲವೇ ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಾಯಿಸಿ.

ರಾತ್ರಿ ಮಲಗುವ ಮುಂಚೆ ಸಂದಿಗಳಿಗೆ ಫ್ಲಾಸ್ ದಾರ ಹಾಕಿ. ದಾರ ಇಳಿಯದಷ್ಟು ಇಕ್ಕಟ್ಟಿದ್ದರೆ ಜೋರು ಮಾಡಬೇಡಿ, ಗರಗಸದಂತೆ ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾ ಇಳಿಸಿ. ಸಂದು ದೊಡ್ಡದಿದ್ದರೆ ಸಂದಿಗೆಂದೇ ಬರುವ ಚಿಕ್ಕ ಬ್ರಷ್ ಇನ್ನೂ ಒಳ್ಳೆಯದು.

ಈಗ ನಾಲಿಗೆ ತುದಿಯನ್ನು ಕೆಳಗಿನ ಮುಂಭಾಗದ ಹಲ್ಲಿನ ಹಿಂಬದಿಗೆ ತಾಗಿಸಿ ನೋಡಿ. ಒರಟಾಗಿದೆಯಾ? ಎಂಜಲು ಸುರಿಸುವ ಗ್ರಂಥಿಯ ಬಾಯಿ ಅಲ್ಲೇ ಪಕ್ಕದಲ್ಲಿ, ನಾಲಿಗೆಯ ಕೆಳಗಿದೆ. ಎಂಜಲಿನ ಖನಿಜಗಳು ಪಾಚಿಯ ಜೊತೆ ಸೇರಿ ಕಲ್ಲಿನಂತೆ ಗಟ್ಟಿಯಾಗುವುದು ಅಲ್ಲೇ ಜಾಸ್ತಿ. ಗಟ್ಟಿಯಾದ ಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ, ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಹಲ್ಲು ಸಡಿಲ ಆಗುವುದು ಆ ಗಾರೆಯಂಥ ಪಾಚಿಯ ಕೆಳಗೆ ವಸಡು, ಮೂಳೆ ಕರಗಿದ್ದರಿಂದ. ಪಾಚಿ ತೆಗೆದಾಗ ಅದು ಗೊತ್ತಾಗುತ್ತದೆ, ಅಷ್ಟೇ.

ಉಬ್ಬು ಹಲ್ಲಿನವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನರ ತುಟಿಗಳು ನಿದ್ದೆಯಲ್ಲಿ ಕೂಡುವುದಿಲ್ಲ. ಗಾಳಿ ತಾಗಿ ಮೇಲಿನ ಮುಂದಿನ ವಸಡು ಒಣಗಿ ಕೆಂಪಾಗುತ್ತದೆ, ಬೆಳಿಗ್ಗೆ ಬಾಯಿ ಅಂಟಂಟು. ಆಗಾಗ ನೀರು ಗುಟುಕರಿಸಿ, ಮಲಗುವಾಗ ತುಟಿಗೆ ವ್ಯಾಸಲೀನ್ ಹಚ್ಚಿ. ಮೂಗು ಕಟ್ಟುವುದರಿಂದಲೇ ಬಾಯಲ್ಲಿ ಉಸಿರಾಡುತ್ತಿದ್ದರೆ ಮೂಗಿನ ಡಾಕ್ಟರಿಗೆ ತೋರಿಸಿ.

ಹೆಜ್ಜೆ 4: ತುಟಿಯ ಜಗಳ ನಿಲ್ಲಿಸಿ

ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲಿಯೇ ಒಂದು ವಿಷಯ ಬರೆದಿದ್ದ. ಬಾಯಿಯ ತುದಿಯನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕಣ್ಣಿನ ಸುತ್ತಲ ಸ್ನಾಯು ಹಾಗಲ್ಲ, ಮನಸ್ಸಿಗೆ ನಿಜವಾಗಿ ಖುಷಿಯಾದಾಗ ಅದು ತಾನಾಗಿ ಕೂಡಿಕೊಳ್ಳುತ್ತದೆ. ನಗುವಿನ ಬೆಚ್ಚಗಿನ ಭಾಗ ಇರುವುದು ಕಣ್ಣಲ್ಲಿ.

ಹಲ್ಲು ಮುಚ್ಚುತ್ತಾ ನಗುವವರ ಮುಖದಲ್ಲಿ ಒಂದು ಜಗಳ ನಡೆಯುತ್ತಿರುತ್ತದೆ. ಒಂದು ಸ್ನಾಯು ಬಾಯಿ ಬಿಡಿಸುತ್ತದೆ, ಇನ್ನೊಂದು ತುಟಿಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ನೋಡಿದವರಿಗೆ ಹಲ್ಲು ಕಾಣುವುದಿಲ್ಲ ನಿಜ. ಆದರೆ ಏನೋ ಬಿಗಿ, ಏನೋ ಅಸಮಾಧಾನ ಕಾಣುತ್ತದೆ. ನನ್ನನ್ನು ಎಷ್ಟೋ ಜನ ಸಿಡುಕಿ ಅಂದುಕೊಂಡಿದ್ದರು. ನಾನು ಹಲ್ಲು ಮುಚ್ಚುತ್ತಿದ್ದೆ, ಅಷ್ಟೇ.

ಅಭ್ಯಾಸ ಹೀಗೆ ಮಾಡಿ. ಬಾಗಿಲು ಹಾಕಿಕೊಂಡು ಕೂತು ತುಟಿಗಳನ್ನು ಸಡಿಲ ಬಿಟ್ಟು "ಬ್ರ್‌ರ್‌ರ್" ಎಂದು ಗಾಳಿ ಊದಿ, ಮಕ್ಕಳು ಬಸ್ಸು ಓಡಿಸುವಾಗ ಸದ್ದು ಮಾಡುತ್ತಾರಲ್ಲ, ಹಾಗೆ. ನಾಲ್ಕೈದು ಸಲ. ಆಮೇಲೆ ಕಣ್ಣು ಮುಚ್ಚಿ, ನಿಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಯಾರನ್ನಾದರೂ ನೆನೆಯಿರಿ. ನಗು ತಾನಾಗಿ ಬರಲಿ. ಬಂದಾಗ ಕಣ್ಣು ತೆರೆದು ಕನ್ನಡಿ ನೋಡಿ, ಮೂರು ಉಸಿರಿನಷ್ಟು ಹೊತ್ತು, ಹಲ್ಲು ಬಿಟ್ಟು ನಿಮ್ಮ ಕಣ್ಣನ್ನು ನೋಡಿ. ದಿನಕ್ಕೆ ಎರಡು ನಿಮಿಷ ಸಾಕು, ಜಾಸ್ತಿ ಬೇಡ. ಕನ್ನಡಿ ಮುಂದೆ ಗಂಟೆಗಟ್ಟಲೆ ನಿಂತರೆ ಮತ್ತೆ ಹಲ್ಲಿನ ಲೆಕ್ಕ ಶುರುವಾಗುತ್ತದೆ.

ಹೆಜ್ಜೆ 5: ಕೈಗೆ ಬೇರೆ ಕೆಲಸ ಕೊಡಿ

"ಇನ್ನು ಮೇಲೆ ಕೈ ತರಲ್ಲ" ಎಂದು ನಿರ್ಧಾರ ಮಾಡಿದರೆ ಕೈ ನಿಲ್ಲುವುದಿಲ್ಲ. 1973ರಲ್ಲಿ ಆಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು ಇಂಥ ಅಭ್ಯಾಸ ಬಿಡಿಸಲು ಒಂದು ದಾರಿ ತೋರಿಸಿದರು, ಈಗಲೂ ಅದು ಬಳಕೆಯಲ್ಲಿದೆ. ಅಭ್ಯಾಸ ಶುರುವಾಗುವ ಮೊದಲ ಸುಳಿವನ್ನು ಹಿಡಿಯಬೇಕು, ಆ ಜಾಗದಲ್ಲಿ ಅದರ ಜೊತೆ ಮಾಡಲಾಗದ ಬೇರೆ ಚಲನೆ ಇಡಬೇಕು.

ನನ್ನ ಸುಳಿವು ಮೊಣಕೈಯಲ್ಲಿತ್ತು. ನಗು ಬರುವಾಗ ಮೊದಲು ಮೊಣಕೈ ಮಡಚುತ್ತಿತ್ತು. ಅದು ಗೊತ್ತಾದ ಮೇಲೆ, ಮಡಚಲು ಶುರುವಾದ ಕೂಡಲೇ ಎಡಗೈ ಬೆರಳುಗಳನ್ನು ಬಲಗೈಯಿಂದ ಹಿಡಿದುಕೊಳ್ಳುತ್ತಿದ್ದೆ. ನೋಡುವವರಿಗೆ ಸುಮ್ನೆ ಕೈ ಕಟ್ಟಿ ಕೂತ ಹಾಗೆ. ಮೊದಲ ವಾರ ಹತ್ತಕ್ಕೆ ಎರಡು ಸಲ ಮಾತ್ರ ನೆನಪಾಯಿತು. ಪರವಾಗಿಲ್ಲ. ಎರಡು ತಿಂಗಳ ಹೊತ್ತಿಗೆ ಮರೆಯುವುದೇ ಅಪರೂಪವಾಯಿತು.

ಸುಲಭದ ಕಡೆಯಿಂದ ಶುರು ಮಾಡಿ. ಫೋನಿನಲ್ಲಿ ಮಾತಾಡುವಾಗ, ಒಬ್ಬರೇ ಇರುವಾಗ, ಕೈ ಕೆಳಗಿಟ್ಟು ಜೋರಾಗಿ ನಗಿ. ಆಮೇಲೆ ಅತಿ ಹತ್ತಿರದ ಒಬ್ಬರ ಮುಂದೆ. ಆಮೇಲೆ ಮತ್ತೆ ಸಿಗದ ಅಪರಿಚಿತರಿಗೆ ಬಾಯ್ತುಂಬ ಒಂದು ನಗು. ನಂತರ ಗುಂಪು, ಸಭೆ, ವಿಡಿಯೊ ಕರೆ. ಒಂದು ಮೆಟ್ಟಿಲಲ್ಲಿ ಎದೆ ಬಡಿತ ಇಳಿಯುವ ತನಕ ಅಲ್ಲೇ ಇರಿ.

ಮಾತಿನ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಪ, ಬ, ಮ ಹೇಳಲು ಎರಡು ತುಟಿ ಕೂಡಬೇಕು. ಹಲ್ಲು ತುಂಬ ಮುಂದಿದ್ದರೆ ಕೆಳತುಟಿ ಮೇಲಿನ ಹಲ್ಲಿಗೇ ತಾಗಿ ನಿಲ್ಲುತ್ತದೆ, ಅಕ್ಷರ ಸ್ವಲ್ಪ ಜಾರುತ್ತದೆ. ಅವಸರ ಮಾಡಿದಷ್ಟೂ ಜಾರುತ್ತದೆ. ದಿನಾ ಐದು ನಿಮಿಷ ನಿಧಾನವಾಗಿ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೇಳಿ. ಕೇಳುವವರು ಪದೇ ಪದೇ "ಏನಂದ್ರಿ?" ಅನ್ನುತ್ತಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ.

ಹೆಜ್ಜೆ 6: ಫೋಟೊ

ಫೋಟೊದಲ್ಲಿ ನಮ್ಮ ಮುಖ ನಮಗೇ ಅನ್ಯ ಅನ್ನಿಸುತ್ತದೆ, ಅಲ್ವಾ? ಕಾರಣ ಇದೆ. ನಾವು ದಿನಾ ನೋಡುವುದು ಕನ್ನಡಿಯ ಮುಖ, ಎಡಬಲ ತಿರುಗಿದ್ದು. 1977ರ ಒಂದು ಅಧ್ಯಯನದಲ್ಲಿ ಜನ ತಮ್ಮ ಕನ್ನಡಿ ರೂಪವನ್ನೇ ಇಷ್ಟಪಟ್ಟರು, ಅವರ ಸ್ನೇಹಿತರು ನೇರ ರೂಪವನ್ನು. ಯಾರಿಗೆ ಯಾವುದು ರೂಢಿಯೋ ಅದೇ ಚೆಂದ. ಒಂದು ಕಡೆ ವಾಲಿದ ಹಲ್ಲು ಫೋಟೊದಲ್ಲಿ ಇನ್ನೊಂದು ಕಡೆಗೆ ವಾಲಿರುತ್ತದೆ, ಅದಕ್ಕೇ ಅದು ನಮ್ಮ ಕಣ್ಣಿಗೆ ಚುಚ್ಚುತ್ತದೆ.

ಸೆಲ್ಫಿ ಇನ್ನೂ ಅನ್ಯಾಯ ಮಾಡುತ್ತದೆ. ಕ್ಯಾಮೆರಾಗೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ತೆಗೆದ ಚಿತ್ರದಲ್ಲಿ ಮೂಗು ಇರುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಒಂದೂವರೆ ಮೀಟರ್ ದೂರಕ್ಕೆ ಆ ಹಿಗ್ಗುವಿಕೆ ಕಾಣುವುದಿಲ್ಲ. ಮುಂದೆ ಬಂದ ಹಲ್ಲಿಗೂ ಇದೇ ನಿಯಮ. ಹಾಗಾಗಿ ಬೇರೆಯವರ ಕೈಗೆ ಕ್ಯಾಮೆರಾ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಮುಖದ ಎದುರಿನಿಂದ ಬರಲಿ. ನಿಂತು ಪೋಸ್ ಕೊಡುವ ಬದಲು ಮಾತಾಡುತ್ತಾ ನಗುವಾಗ ಹತ್ತಿಪ್ಪತ್ತು ತೆಗೆಸಿ. ಕೂಡಲೇ ಅಳಿಸಬೇಡಿ, ಒಂದು ವಾರ ಬಿಟ್ಟು ನೋಡಿ. ಹಲ್ಲನ್ನು ಎಡಿಟ್ ಮಾಡಿ ನೇರ ಮಾಡುವುದನ್ನು ನಾನು ಬೇಡ ಅನ್ನುತ್ತೇನೆ. ಆ ಸುಳ್ಳು ಮುಖ ರೂಢಿಯಾದರೆ ನಿಜವಾದ ಮುಖ ಇನ್ನಷ್ಟು ದೂರ ಆಗುತ್ತದೆ.

ಹೆಜ್ಜೆ 7: ಉತ್ತರ ತಯಾರಿರಲಿ

ಮಾತು ಬಂದೇ ಬರುತ್ತದೆ. ಆ ಹೊತ್ತಿಗೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ಎರಡು ಮೂರು ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ.

"ಹಲ್ಲೊಂದು ಸರಿ ಮಾಡಿಸ್ಕೊಂಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದು ಅತ್ತೆಯೋ ಚಿಕ್ಕಮ್ಮನೋ ಅಂದರೆ: "ಬೇಕು ಅನ್ನಿಸಿದಾಗ ಮಾಡಿಸ್ತೀನಿ ಅತ್ತೆ. ನಿಮ್ಮ ಮಂಡಿನೋವು ಹೇಗಿದೆ ಹೇಳಿ." ಮಾತು ಅಲ್ಲಿಗೆ ಮುಗಿಯುತ್ತದೆ. ಚಿಕ್ಕ ಮಗು "ನಿನ್ ಹಲ್ಲು ಯಾಕೆ ಮುಂದೆ ಬಂದಿದೆ?" ಎಂದು ಕೇಳಿದರೆ ಅದು ಕುತೂಹಲ, ಅವಮಾನ ಅಲ್ಲ. "ನಂದು ಹಾಗೇ ಬಂತು ಪುಟ್ಟ, ನಿಂದು ತೋರ್ಸು ನೋಡೋಣ" ಅನ್ನಿ. ಬೇಕೆಂದೇ ಆಡಿಕೊಳ್ಳುವವರಿಗೆ ನಗುತ್ತಾ ಉತ್ತರ ಕೊಡಬೇಕಿಲ್ಲ. "ಈ ಮಾತು ನನಗೆ ಇಷ್ಟ ಆಗಲ್ಲ, ಬಿಟ್ಬಿಡು" ಎಂದು ಕಣ್ಣು ನೋಡಿ ಒಂದೇ ಸಲ ಹೇಳಿ, ಸುಮ್ಮನಾಗಿ.

ಹೆಜ್ಜೆ 8: ಕ್ಲಿಪ್ ಹಾಕಿಸಬೇಕಾ?

ಹಾಕಿಸಿದರೆ ಸೋತಂತೆಯೂ ಅಲ್ಲ, ಹಾಕಿಸದಿದ್ದರೆ ಅಸಡ್ಡೆಯೂ ಅಲ್ಲ. ಆದರೆ ಕೆಲವು ಸಂದರ್ಭದಲ್ಲಿ ಚೆಂದದ ಮಾತು ಬದಿಗಿಟ್ಟು ಡಾಕ್ಟರನ್ನು ಕಾಣಲೇಬೇಕು. ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತಿದ್ದರೆ, ಕಚ್ಚುವುದು ಅಗಿಯುವುದು ಕಷ್ಟವಾದರೆ, ಒಂದೇ ಹಲ್ಲು ಸವೆಯುತ್ತಿದ್ದರೆ, ಎಷ್ಟು ಉಜ್ಜಿದರೂ ವಸಡಿನಲ್ಲಿ ರಕ್ತ ನಿಲ್ಲದಿದ್ದರೆ.

ವಸಡು, ಮೂಳೆ ಗಟ್ಟಿ ಇದ್ದರೆ ದೊಡ್ಡವರೂ ಕ್ಲಿಪ್ ಹಾಕಿಸಬಹುದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಕಾಣದಂಥ ಪಾರದರ್ಶಕ ಅಲೈನರ್ (ಹಾಕಿ ತೆಗೆಯಬಹುದಾದ ಪ್ಲಾಸ್ಟಿಕ್ ಕವಚ) ಆದರೆ ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಎಲ್ಲ ಮುಗಿದ ಮೇಲೂ, ಹಲ್ಲು ಜರುಗದಂತೆ ಹಿಡಿದಿಡುವ ರಿಟೇನರ್ ಬಿಟ್ಟರೆ ಹಲ್ಲು ಮೆಲ್ಲಗೆ ಹಳೆಯ ಜಾಗಕ್ಕೆ ಹೊರಡುತ್ತದೆ. ಶುರು ಮಾಡುವ ಮೊದಲು ವಕ್ರದಂತ ತಜ್ಞರನ್ನು ಕೇಳಿ: ಹಲ್ಲು ಕೀಳಬೇಕಾ? ಎಷ್ಟು ದಿನ? ರಿಟೇನರ್ ಎಷ್ಟು ವರ್ಷ? ಏನೂ ಮಾಡಿಸದಿದ್ದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಯೇ ಮುಖ್ಯ. ನನಗೆ ಸಿಕ್ಕ ಉತ್ತರ "ಸ್ವಚ್ಛ ಇಟ್ಟುಕೊಂಡರೆ ಏನೂ ಆಗಲ್ಲ" ಎಂದು. ನಾನು ಹಾಕಿಸಲಿಲ್ಲ.

ಬೇಗ ಆಗಲಿ ಎಂದು ಹಲ್ಲು ತೇದು ಕ್ಯಾಪ್ ಹಾಕಿಸುವ ಮುಂಚೆ ಎರಡು ಸಲ ಯೋಚಿಸಿ. ತೇದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಇನ್ನು, ಮನೆಯಲ್ಲೇ ರಬ್ಬರ್ ಬ್ಯಾಂಡ್ ಸುತ್ತಿ ಸಂದು ಮುಚ್ಚುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ಬ್ಯಾಂಡ್ ವಸಡಿನ ಒಳಗೆ ಜಾರಿ ಬೇರಿನ ಉದ್ದಕ್ಕೂ ಮೇಲೇರುತ್ತದೆ, ಸುತ್ತಲಿನ ಮೂಳೆ ಹಾಳಾಗುತ್ತದೆ. ಗಟ್ಟಿಯಾದ ಹಲ್ಲನ್ನೇ ಹಾಗೆ ಕಳೆದುಕೊಂಡವರಿದ್ದಾರೆ.

ಮುಂದೆ ಬಂದ ಹಲ್ಲಿಗೆ ಪೆಟ್ಟು ಬೀಳುವುದೂ ಜಾಸ್ತಿ. ಆಟ ಆಡುವಾಗ ಮೌತ್‌ಗಾರ್ಡ್ ಹಾಕಿ. ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ ಬೇರನ್ನು ಮುಟ್ಟದೆ, ಬಿಳಿ ಭಾಗ ಹಿಡಿದು, ಕೊಳೆಯಿದ್ದರೆ ಉಜ್ಜದೆ ಒಮ್ಮೆ ತೊಳೆದು, ಅದೇ ಗುಳಿಯಲ್ಲಿ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ಡಾಕ್ಟರ ಹತ್ತಿರ ಓಡಿ. ಅರ್ಧ ಗಂಟೆಯೊಳಗೆ ಹೋದರೆ ಉಳಿಯುವ ಸಾಧ್ಯತೆ ಹೆಚ್ಚು. ಹಾಲುಹಲ್ಲಾದರೆ ಮರಳಿ ಕೂರಿಸಬಾರದು.

ನನ್ನ ತಂಗಿ ಕ್ಲಿಪ್ ಹಾಕಿಸಿದಳು. ಹಲ್ಲು ಸಾಲಾಗಿ ನಿಂತವು. ಆದರೆ ಕ್ಲಿಪ್ ಬಿಚ್ಚಿ ಒಂದು ವರ್ಷ ಆದರೂ ನಗುವಾಗ ಅವಳ ಕೈ ಬಾಯಿಗೆ ಬರುತ್ತಲೇ ಇತ್ತು. ನನ್ನ ಹಾಗೆಯೇ ಅವಳೂ ಬೆರಳು ಹಿಡಿದು ಕೂರುವುದನ್ನು ಕಲಿಯಬೇಕಾಯಿತು. ಕ್ಲಿಪ್ ಮುಗಿಯಲಿ, ಆಮೇಲೆ ನಗುತ್ತೇನೆ ಎಂದು ಎರಡು ವರ್ಷ ಮುಂದೂಡಬೇಡಿ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಹಲ್ಲಿನ ಯೋಚನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಕಳೆದುಹೋಗುತ್ತಿದ್ದರೆ, ಕಾಲೇಜು, ಕೆಲಸ, ಸಂದರ್ಶನ ತಪ್ಪಿಸುತ್ತಿದ್ದರೆ ಈ ಹೆಜ್ಜೆಗಳಷ್ಟೇ ಸಾಲುವುದಿಲ್ಲ. ಆಪ್ತಸಮಾಲೋಚಕರನ್ನು ಕಾಣಿ. ಹಲ್ಲಿಗೆ ಹಲ್ಲಿನ ಡಾಕ್ಟರ್ ಇರುವ ಹಾಗೆ, ಇದಕ್ಕೂ ತಿಳಿದವರಿದ್ದಾರೆ.

ಮನೆಯಲ್ಲಿ ಉಬ್ಬು ಹಲ್ಲಿನ ಮಗು ಇದ್ದರೆ

ಏಳು ವರ್ಷದ ಹೊತ್ತಿಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ, ದವಡೆ ಬೆಳೆಯುವ ಕಾಲದಲ್ಲಿ ಕೆಲವು ತೊಂದರೆ ಸುಲಭವಾಗಿ ಸರಿಹೋಗುತ್ತವೆ. ಫೋಟೊ ತೆಗೆಯುವಾಗ "ಬಾಯಿ ಮುಚ್ಕೊಂಡು ನಗು" ಎಂದು ಮಾತ್ರ ಹೇಳಬೇಡಿ. ಯಾರಾದರೂ ಹೇಳಿದರೆ ಮಗುವಿನ ಎದುರಿಗೇ ತಡೆಯಿರಿ.

ನಮ್ಮಮ್ಮ ನನಗೆ ಹಾಗೆ ಹೇಳುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು, ಮಗಳನ್ನು ಯಾರೂ ಆಡಿಕೊಳ್ಳದಿರಲಿ ಎಂದು. ಹೋದ ವರ್ಷ ಹಳೆಯ ಆಲ್ಬಮ್ ತೆಗೆದು ನೋಡುತ್ತಿದ್ದೆವು. ಅಮ್ಮ ಹದಿನೈದು ಹದಿನಾರರ ಹುಡುಗಿ, ಗೆಳತಿಯರ ನಡುವೆ ನಿಂತು ನಗುತ್ತಿದ್ದಾಳೆ. ಎಡಗೈ ಬಾಯಿಯ ಮೇಲಿದೆ. ನಾನು ಫೋಟೊವನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ತುಂಬ ಹೊತ್ತು ನೋಡಿದಳು. ಆಮೇಲೆ ಇಬ್ಬರೂ ನಕ್ಕೆವು, ಅವಳ ಎಡಗೈಯನ್ನು ನಾನು ಹಿಡಿದುಕೊಂಡಿದ್ದೆ.